ತಲೆಸ್ನಾನದ ಬಿಸಿನೀರು: ಆಚರಣೆ, ವಂಶವಾಹಿ ಮತ್ತು ಪ್ರಯೋಗಾಲಯದ ಇಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗು ತೋಟದ ಬೆಳೆ ಮಾತ್ರವಲ್ಲ, ಬಚ್ಚಲ ಒಲೆಯ ಉರುವಲೂ ಹೌದು. ಒಣಗಿದ ಗರಿ, ಮಟ್ಟೆ, ಚಿಪ್ಪುಗಳ ಉರಿಯಲ್ಲಿ ಹಂಡೆಯ ನೀರು ಕಾಯುತ್ತದೆ. ಎಣ್ಣೆ ತೀಡಿದ ತಲೆಗೆ ಅದನ್ನು ಚೊಂಬಿನಿಂದ ಹುಯ್ಯುತ್ತಾರೆ. ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಈ ಹಂಡೆಗೇ ಪೂಜೆ. ದಕ್ಷಿಣ ಕರ್ನಾಟಕಕ್ಕೆಲ್ಲ ಸಾಮಾನ್ಯವಾದ ಈ ಸ್ನಾನಪದ್ಧತಿಗೆ ಮಿದುಳಿನ ಅಧ್ಯಯನದ ಚರಿತ್ರೆಯಲ್ಲೂ ಒಂದು ಸ್ಥಾನವಿದೆ. ಜಾನಪದ ವಿದ್ವಾಂಸರು ಅದನ್ನು ಗಮನಿಸಿದ್ದು ಕಡಿಮೆ.

ತಲೆಗೆ ಬಿಸಿನೀರು ಬಿದ್ದಾಗ ಕೆಲವರಿಗೆ, ವಿಶೇಷವಾಗಿ ಗಂಡುಮಕ್ಕಳಿಗೆ, ಅರಿವು ಮಸುಕಾಗಿ ಮೂರ್ಛೆ ಬರುತ್ತದೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇಂಥ ಪ್ರಕರಣ ವರದಿಯಾಯಿತಾದರೂ ಇದು ಹೇರಳವಾಗಿ ಕಂಡುಬಂದುದು ನಮ್ಮಲ್ಲಿಯೇ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಪ್ರಾಥಮಿಕ ವರದಿಯನ್ನೂ 1972ರಲ್ಲಿ 60 ರೋಗಿಗಳ ವಿವರವನ್ನೂ ಪ್ರಕಟಿಸಿದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳ 1988ರ ಲೇಖನದಲ್ಲಿ ಈ ಸಂಖ್ಯೆ 279ಕ್ಕೆ ಏರಿತು.

ಸ್ನಾನವೊಂದೇ ಕಾರಣವಾದರೆ ಅದೇ ಹಂಡೆಯ ನೀರು ಮಿಂದ ಮನೆಯ ಉಳಿದವರಿಗೇಕೆ ಮೂರ್ಛೆ ಬರಲಿಲ್ಲ? ನೀರು ಹುಯ್ದ ತಾಯಿಯನ್ನು ದೂರುವ ಮುನ್ನ ಕೇಳಬೇಕಾದ ಪ್ರಶ್ನೆ ಇದು. ಕೆಲವು ಕುಟುಂಬಗಳಲ್ಲಿ ರೋಗ ತಲೆಮಾರಿನಿಂದ ತಲೆಮಾರಿಗೆ ಇಳಿದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಮತ್ತು ನಿಮ್ಹಾನ್ಸ್‌ನ ಸಂಶೋಧಕರು 2009ರಲ್ಲಿ ಅದರ ಒಂದು ನೆಲೆಯನ್ನು 10ನೆಯ ವರ್ಣತಂತುವಿನಲ್ಲಿ ಗುರುತಿಸಿದರು.

ಮಿದುಳಿನ ಆನುವಂಶಿಕ ದೋಷವೆಂದೊಡನೆ ವಿಜ್ಞಾನಿಗಳಿಗೆ ನೆನಪಾಗುವುದು ಎಡಿನ್‌ಬರೋದ ಫಾಲ್ಕನರ್ 1951ರಲ್ಲಿ ವರ್ಣಿಸಿದ, ತೂರಾಡುತ್ತ ನಡೆಯುವ 'ರೀಲರ್' ಇಲಿ. ಅದರಲ್ಲಿ ಮಿದುಳಿನ ತೊಗಟೆಯ ಪದರಗಳೇ ಬಹುಮಟ್ಟಿಗೆ ತಲೆಕೆಳಗು. ಬಿಸಿನೀರಿನ ಅಪಸ್ಮಾರದ ಬಹುಪಾಲು ರೋಗಿಗಳಲ್ಲಿ ಅಂಥ ರಚನಾದೋಷ ಕಾಣುವುದಿಲ್ಲ. ಪಿತ್ರಾರ್ಜಿತವಾಗಿ ಬರುವುದು ಶಾಖಕ್ಕೆ ಸುಲಭವಾಗಿ ಕೆರಳುವ ಗುಣವೆಂದು ತೋರುತ್ತದೆ.

ಆದ್ದರಿಂದ ನಿಮ್ಹಾನ್ಸ್‌ನ ಸಂಶೋಧಕರು ಹುಟ್ಟಿನಿಂದ ದೋಷವುಳ್ಳ ಇಲಿಯನ್ನು ಅರಸಲಿಲ್ಲ. 1996ರಲ್ಲಿ ಉಲ್ಲಾಳ, ಸತೀಶ್ಚಂದ್ರ ಮತ್ತು ಶಂಕರ್ ಪ್ರಕಟಿಸಿದ ಪ್ರಯೋಗದಲ್ಲಿ ಸಾಮಾನ್ಯ ಇಲಿಗಳ ತಲೆಗೇ ಬಿಸಿನೀರು ಹುಯ್ದು ಮೂರ್ಛೆ ಬರಿಸಲಾಯಿತು. ನಮ್ಮ ಬಚ್ಚಲಮನೆಯ ಚೊಂಬೇ ಅಲ್ಲಿ ಪ್ರಯೋಗವಿಧಾನವಾಯಿತೆನ್ನಬೇಕು.

ಚಿಕಿತ್ಸೆಯೂ ಆಚರಣೆಯ ಪಂಚಾಂಗವನ್ನೇ ಅನುಸರಿಸಿತು. ಇಲ್ಲಿ ತಲೆಸ್ನಾನ ನಿತ್ಯದ್ದಲ್ಲ. ವಾರಕ್ಕೋ ಹಬ್ಬಕ್ಕೋ ಒಮ್ಮೆ. ನೀರಿನ ಬಿಸಿ ತಗ್ಗಿಸಿದರೂ ಮೂರ್ಛೆ ನಿಲ್ಲದವರಿಗೆ ದಿನವೂ ಔಷಧ ಕೊಡುವ ಬದಲು, ತಲೆಗೆ ಎರೆದುಕೊಳ್ಳುವ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಕೊಡುವ ಕ್ರಮವನ್ನು ಸತೀಶ್ಚಂದ್ರ ಅವರು ರೂಢಿಗೆ ತಂದರು.