ಬಾಲಾನಗರ: ಕೆಲಸ ಇಲ್ಲಿ, ಮನೆ ಅಲ್ಲಿ

ಹೈದರಾಬಾದಿನ ವಾಯುವ್ಯಕ್ಕಿರುವ ಬಾಲಾನಗರ ಬಡವರಿಗೆಂದು ಕಟ್ಟಿದ ಊರಲ್ಲ. ಬೆಂಗಳೂರಿನವರು ಪೀಣ್ಯವನ್ನು ನೆನೆದರೆ ಅದರ ಚಿತ್ರ ಹೆಚ್ಚುಕಡಿಮೆ ಸಿಕ್ಕೀತು. 1961ರಲ್ಲಿ ಹುಟ್ಟಿದ ಸರ್ಕಾರಿ ಔಷಧ ಕಂಪನಿ ಐಡಿಪಿಎಲ್, ಸೋವಿಯತ್ ನೆರವಿನಿಂದ ಇಲ್ಲೊಂದು ದೊಡ್ಡ ಕಾರ್ಖಾನೆ ಕಟ್ಟಿತು. ಎಚ್‌ಎಎಲ್‌ನ ಏವಿಯಾನಿಕ್ಸ್ ವಿಭಾಗ ಬಂತು. ಟೂಲ್ ಡಿಸೈನ್ ಕಲಿಸುವ ಕೇಂದ್ರ ಸಂಸ್ಥೆಯೂ ಬಂತು. ಇವುಗಳ ಸುತ್ತ ಲೇತ್, ವೆಲ್ಡಿಂಗ್, ಅಚ್ಚಿನ ಸಣ್ಣ ಶೆಡ್ಡುಗಳು ಎದ್ದವು.

ಅಂದು ಕಾಯಂ ನೌಕರಿಯೆಂದರೆ ಸಂಬಳವಷ್ಟೇ ಅಲ್ಲ. ಪಿಎಫ್, ಇಎಸ್‌ಐ ಆಸ್ಪತ್ರೆ, ಹಲವರಿಗೆ ಕ್ವಾರ್ಟರ್ಸ್ ಕೂಡ. ಬಡತನವನ್ನು ತಡೆದದ್ದು ಕಲ್ಯಾಣ ಯೋಜನೆಗಳಿಗಿಂತ ಈ ನೌಕರಿಯೇ.

1992ರಲ್ಲಿ ಐಡಿಪಿಎಲ್ 'ರೋಗಗ್ರಸ್ತ ಉದ್ಯಮ' ಎಂದು ಘೋಷಿತವಾಯಿತು. ಔಷಧ ಮಾಡುವ ಕಂಪನಿಗೇ ಆ ಹೆಸರು! ಅಲ್ಲಿ ಕೆಲಸ ಮಾಡಿ ಅನುಭವ ಪಡೆದಿದ್ದ ಅಂಜಿ ರೆಡ್ಡಿ 1984ರಲ್ಲೇ ಡಾ. ರೆಡ್ಡೀಸ್ ಆರಂಭಿಸಿದ್ದರು. ಹೀಗೆ ಐಡಿಪಿಎಲ್ ಕಲಿಸಿದ ವಿದ್ಯೆ ಹೈದರಾಬಾದಿನ ಔಷಧ ಉದ್ಯಮವನ್ನು ಬೆಳೆಸಿತು. ಅದು ಕೊಡುತ್ತಿದ್ದ ಭದ್ರತೆ ಮಾತ್ರ ಮುಂದಿನ ಪೀಳಿಗೆಗೆ ದಾಟಲಿಲ್ಲ. ಶೆಡ್ಡುಗಳಲ್ಲಿ ಕೆಲಸ ಉಳಿಯಿತು, ಆದರೆ ಗುತ್ತಿಗೆಯಲ್ಲಿ, ದಿನಗೂಲಿಯಲ್ಲಿ. ಬಿಹಾರ, ಒಡಿಶಾಗಳಿಂದ ಬಂದವರು ಒಂದೇ ಕೋಣೆಯನ್ನು ಹಲವರು ಹಂಚಿಕೊಂಡು ಬಾಡಿಗೆ ಕಟ್ಟುತ್ತಾರೆ. ರಸ್ತೆಯಿಂದ ನೋಡಿದವರಿಗೆ ಇದು ಕೊಳೆಗೇರಿಯಂತೆ ಕಾಣುವುದಿಲ್ಲ. ಪಕ್ಕಾ ಗೋಡೆ, ಕರೆಂಟು ಎಲ್ಲ ಇದೆ. ಇಲ್ಲದಿರುವುದು ನಾಳೆಯ ಕೂಲಿಯ ಖಾತ್ರಿ. ಕೊಳೆಗೇರಿ ಪಟ್ಟಿ ಹಿಡಿದು ಬಡತನ ಹುಡುಕುವ ಸರ್ಕಾರಕ್ಕೆ ಇವರು ಸುಲಭವಾಗಿ ಸಿಗುವುದಿಲ್ಲ.

2007ರಲ್ಲಿ ಕೂಕಟ್‌ಪಲ್ಲಿ, ಕುತ್ಬುಲ್ಲಾಪುರದಂಥ ಸುತ್ತಲಿನ ಪುರಸಭೆಗಳು ಮಹಾನಗರ ಪಾಲಿಕೆಯಲ್ಲಿ ಸೇರಿದವು. 2021ರಲ್ಲಿ ಬಾಲಾನಗರಕ್ಕೆ ಮೇಲ್ಸೇತುವೆ ಬಂತು. ಬಡವರ ಪಾಲಿಗೆ ಸರ್ಕಾರದ ಉತ್ತರ ಮುಖ್ಯವಾಗಿ ಸ್ವಂತ ಮನೆ. 2023ರಲ್ಲಿ ಉದ್ಘಾಟನೆಯಾದ ಕೊಲ್ಲೂರಿನ ಬಡಾವಣೆಯಲ್ಲಿ 15,660 ಡಬಲ್ ಬೆಡ್‌ರೂಂ ಮನೆಗಳಿವೆ. ದೊಡ್ಡ ಕೆಲಸವೇ. ಆದರೆ ಕೊಲ್ಲೂರು ಇರುವುದು ಹೊರ ವರ್ತುಲ ರಸ್ತೆಯ ಬಳಿ. ಬಾಲಾನಗರದ ಶೆಡ್ಡಿನಲ್ಲಿ ದುಡಿಯುವವನಿಗೆ ಅಲ್ಲಿ ಮನೆ ಸಿಕ್ಕರೂ ಉಳಿಸಿದ ಬಾಡಿಗೆ ಬಸ್ಸಿಗೆ ಹೋಗುತ್ತದೆ. ಊರಿನಲ್ಲಿ ರೇಷನ್ ಕಾರ್ಡ್ ಇರುವ ವಲಸಿಗನಿಗೆ ಅದೂ ದೂರದ ಮಾತು.

ಕೆಲಸದ ಹತ್ತಿರವೇ ಕಡಿಮೆ ಬಾಡಿಗೆಯ ಮನೆ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರ 2020ರಲ್ಲಿ ರೂಪಿಸಿತು, ಲಾಕ್‌ಡೌನಿನಲ್ಲಿ ವಲಸಿಗರು ನಡೆದು ಊರು ಸೇರಿದ ಮೇಲೆ. ಬಾಲಾನಗರಕ್ಕೆ ಬೇಕಾದದ್ದು ಇದೇ. 2025ರಲ್ಲಿ ತೆಲಂಗಾಣ ಸರ್ಕಾರ, ವರ್ತುಲ ರಸ್ತೆಯೊಳಗಿನ ಕೈಗಾರಿಕಾ ಭೂಮಿಯನ್ನು ಶುಲ್ಕ ಪಡೆದು ಇತರ ಬಳಕೆಗೆ ಬಿಡುವ ನೀತಿ ತಂದಿತು. ಆ ಶುಲ್ಕದ ಒಂದು ಪಾಲನ್ನಾದರೂ ಅದೇ ನೆಲದಲ್ಲಿ ಬಾಡಿಗೆ ಮನೆಗಳಿಗೆ ಮೀಸಲಿಡಬೇಕು. ಇಲ್ಲವಾದರೆ ಜಾಗದ ಬೆಲೆ ಮಾಲೀಕನಿಗೆ, ಶುಲ್ಕ ಖಜಾನೆಗೆ. ಲೇತ್ ಮುಂದೆ ನಿಂತವನಿಗೆ ಶೆಡ್ಡು ಖಾಲಿ ಮಾಡುವ ನೋಟಿಸು.