ಔಷಧದ ಪೆಟ್ಟಿಗೆ, ಉಕ್ಕಿನ ಘನ

ಪಾಠದ ನಡುವೆ ಬೆಂಕಿಪೊಟ್ಟಣಗಳನ್ನು ಜೋಡಿಸುತ್ತ ಕುಳಿತಿದ್ದ ಹುಡುಗನೊಬ್ಬನನ್ನು ನಾನು ಒಮ್ಮೆ ಬಲವಾಗಿ ಗದರಿಸಿದ್ದೆ. ಅಮೆರಿಕದ ಶಿಲ್ಪಿ ಟೋನಿ ಸ್ಮಿತ್ ಅವರ ಜೀವನವನ್ನು ಓದುವಾಗಲೆಲ್ಲ ಆ ಪ್ರಸಂಗ ನೆನಪಾಗುತ್ತದೆ.

1912ರಲ್ಲಿ ನ್ಯೂಜೆರ್ಸಿಯಲ್ಲಿ ಜನಿಸಿದ ಸ್ಮಿತ್ ಬಾಲ್ಯದಲ್ಲಿಯೇ ಕ್ಷಯರೋಗಕ್ಕೆ ತುತ್ತಾದರು. ಹಿತ್ತಲಿನ ಪುಟ್ಟ ಮನೆಯೊಂದರಲ್ಲಿ ಅವರನ್ನು ಪ್ರತ್ಯೇಕವಾಗಿರಿಸಿದ್ದರು. ಔಷಧದ ಪೆಟ್ಟಿಗೆಗಳನ್ನು ಜೋಡಿಸಿ ಕಟ್ಟುವುದೇ ಅಲ್ಲಿ ಅವರ ಆಟ. ಮುಂದೆ ಫ್ರಾಂಕ್ ಲಾಯ್ಡ್ ರೈಟ್ ಅವರ ಬಳಿ ಕೆಲಸ ಕಲಿತು, ಸುಮಾರು 20 ವರ್ಷ ವಾಸ್ತುಶಿಲ್ಪಿಯಾಗಿ ದುಡಿದರು. ಆದರೆ ತಾವು ಕಲ್ಪಿಸಿದ ಮನೆಗಳನ್ನು ಅವುಗಳ ಒಡೆಯರು ಮನಬಂದಂತೆ ಬದಲಿಸುವುದು ಅವರಿಗೆ ಸಹನೆಯಾಗಲಿಲ್ಲ.

1961ರಲ್ಲಿ ಕಾರು ಅಪಘಾತವಾಯಿತು. ಚೇತರಿಕೆಯ ದಿನಗಳಲ್ಲಿ ಅವರ ಕೈ ಮತ್ತೆ ರಟ್ಟಿನ ಮಾದರಿಗಳತ್ತ ತಿರುಗಿತು. ಮರುವರ್ಷ ಕಾರ್ಖಾನೆಯೊಂದಕ್ಕೆ ದೂರವಾಣಿಯಲ್ಲಿಯೇ ಅಳತೆ ಹೇಳಿ, ಎಲ್ಲ ಬದಿಗೂ ಆರಡಿಯಿರುವ ಉಕ್ಕಿನ ಘನವೊಂದನ್ನು ಮಾಡಿಸಿದರು. ಅದರ ಹೆಸರು ‘ಡೈ’. ಇಂಗ್ಲಿಷಿನಲ್ಲಿ ಆ ಪದಕ್ಕೆ ದಾಳ, ಅಚ್ಚು, ಸಾವು ಎಂಬ ಅರ್ಥಗಳಿವೆ. ಆ ಘನಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ. ಬದಲಿಸೆನ್ನುವ ಒಡೆಯನೂ ಇಲ್ಲ.

1966ರಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. 1967ರಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರು ಕಾಣಿಸಿಕೊಂಡರು. 1980ರಲ್ಲಿ ತೀರಿಕೊಂಡರು.

ರೋಗಿಯಾಗಿದ್ದ ಬಾಲಕನ ಆಟ ಐವತ್ತರ ವಯಸ್ಸಿನಲ್ಲಿ ಕಲೆಯಾಗಿ ಮರಳಿತು. ಅಂದು ನನ್ನಿಂದ ಗದರಿಸಿಕೊಂಡ ಹುಡುಗ ಇದನ್ನು ಓದುತ್ತಿದ್ದರೆ, ಈ ಮೇಷ್ಟರನ್ನು ಕ್ಷಮಿಸಲಿ.