ಬೇಟೆಗೆ ಬಗ್ಗದ ಹಂದಿ: ಅಮೆರಿಕದ ಅನುಭವದ ಒಂದು ಪರಾಮರ್ಶೆ

ಹಂದಿ ಉತ್ತರ ಅಮೆರಿಕದ ಮೂಲಪ್ರಾಣಿಯಲ್ಲ. 1539ರಲ್ಲಿ ಫ್ಲಾರಿಡಾದಲ್ಲಿ ಬಂದಿಳಿದ ಸ್ಪೇನಿನ ಹೆರ್ನಾಂಡೊ ಡಿ ಸೋಟೊ ತನ್ನ ದಂಡಿನ ಆಹಾರಕ್ಕೆಂದು ಹಂದಿಗಳನ್ನು ತಂದಿದ್ದ. ಮುಂದೆ ವಲಸಿಗರು ಮೇಯಲು ಬಿಟ್ಟ ಸಾಕುಹಂದಿಗಳೂ, 1912ರಲ್ಲಿ ಬೇಟೆಯ ಮೋಜಿಗಾಗಿ ಉತ್ತರ ಕೆರೊಲಿನಾದ ಹೂಪರ್ ಬಾಲ್ಡ್ ಬೆಟ್ಟಕ್ಕೆ ತರಿಸಿದ ಯುರೋಪಿನ ಕಾಡುಹಂದಿಗಳೂ ಬೆರೆತು ಇಂದಿನ ಸಂತತಿ ಹಬ್ಬಿದೆ. ಅಮೆರಿಕದಲ್ಲಿ ಈ ಹಂದಿಗಳ ಈಗಿನ ಸಂಖ್ಯೆ 60 ಲಕ್ಷಕ್ಕೂ ಹೆಚ್ಚೆಂದು ಅಲ್ಲಿನ ಕೃಷಿ ಇಲಾಖೆಯ ಅಂದಾಜು. ಇವನ್ನು ಬೇಟೆಯಿಂದಲೇ ಹತೋಟಿಗೆ ತರಬಹುದೆಂಬ ನಂಬಿಕೆ ಎಷ್ಟು ಸರಿ?

ಹೆಣ್ಣುಹಂದಿ ವರ್ಷ ತುಂಬುವ ಮೊದಲೇ ಬೆದೆಗೆ ಬರಬಲ್ಲದು. ಗರ್ಭಾವಧಿ ಸುಮಾರು 115 ದಿನ. ಟೆಕ್ಸಾಸ್‌ನಲ್ಲಿ ಹಂದಿಗಳ ಸಂಖ್ಯೆ ಏರದಂತೆ ತಡೆಯಲು ವರ್ಷಕ್ಕೆ ಶೇ. 66ರಷ್ಟನ್ನು ತೆಗೆಯಬೇಕೆಂದು ಆ ರಾಜ್ಯದ ಎ ಅಂಡ್ ಎಂ ವಿಶ್ವವಿದ್ಯಾಲಯದ ತಜ್ಞರು ಲೆಕ್ಕ ಹಾಕಿದರು; ಬೇಟೆ, ಬೋನು ಎಲ್ಲ ಸೇರಿ ತೆಗೆಯುತ್ತಿದ್ದುದು ಶೇ. 29 ಮಾತ್ರ.

ಕೊರತೆ ಬರಿಯ ಸಂಖ್ಯೆಯದಲ್ಲ ಎಂಬುದಕ್ಕೆ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್ ಸೇನಾನೆಲೆಯ ಪ್ರಯೋಗ ಸಾಕ್ಷಿ. 2007–08ರಲ್ಲಿ ಅಲ್ಲಿ ಹಂದಿಯ ಪ್ರತಿ ಬಾಲಕ್ಕೆ 40 ಡಾಲರ್ ಇನಾಮು ಗೊತ್ತುಮಾಡಿದರು. ಸಾವಿರಕ್ಕೂ ಹೆಚ್ಚು ಬಾಲಗಳು ಬಂದವು. ಆದರೂ ಹಂದಿಗಳು ಹೆಚ್ಚಿದವು! ವನ್ಯಜೀವಿ ಸಂಶೋಧಕ ಸ್ಟೀಫನ್ ಡಿಚ್ಕಾಫ್ ಮತ್ತು ಸಂಗಡಿಗರು ಇದರ ಕಾರಣಗಳನ್ನು ಶೋಧಿಸಿದ್ದಾರೆ. ಹಂದಿಗಳನ್ನು ಸೆಳೆಯಲು ಬೇಟೆಗಾರರು ಸುರಿದ ಆಹಾರ ಅವುಗಳ ಸಂತಾನವೃದ್ಧಿಗೇ ಒದಗಿತು. ಗುಂಡು ಹೆಚ್ಚಾಗಿ ಬಲಿತ ದೊಡ್ಡ ಹಂದಿಗಳಿಗೆ ಬಿತ್ತು, ಎಳೆಯವು ಉಳಿದವು. ಕೆಲವು ಬಾಲಗಳು ಹೊರಗಿನಿಂದ ಬಂದಿರುವ ಸಾಧ್ಯತೆಯೂ ಇತ್ತು.

ಟೆನೆಸ್ಸೀ ರಾಜ್ಯ 1999ರಲ್ಲಿ ಎಲ್ಲೆಡೆ ಮಿತಿಯಿಲ್ಲದ ಬೇಟೆಗೆ ಅವಕಾಶ ಕೊಟ್ಟಿತು. ಬೇಟೆಯ ಆಸೆಗೆ ಜನ ಹಂದಿಗಳನ್ನು ಹಿಡಿದು ಹೊಸ ಜಾಗಗಳಲ್ಲಿ ಕದ್ದು ಬಿಟ್ಟರು. ಹಂದಿ ಕಾಣದಿದ್ದ ಕಡೆಯೂ ಕಾಣಿಸಿಕೊಂಡಿತು. 2011ರಲ್ಲಿ ರಾಜ್ಯವೇ ನಿಯಮ ಬದಲಿಸಿ ಬೇಟೆಪ್ರಾಣಿಗಳ ಪಟ್ಟಿಯಿಂದ ಹಂದಿಯನ್ನು ಕೈಬಿಟ್ಟಿತು. ಮಿಸ್ಸೂರಿ 2016ರಲ್ಲಿ ತನ್ನ ಸಂರಕ್ಷಣಾ ಭೂಮಿಗಳಲ್ಲಿ ಹಂದಿಬೇಟೆಯನ್ನೇ ನಿಷೇಧಿಸಿತು.

ಈಗ ಒತ್ತು ಇಡೀ ಹಿಂಡಿನ ಮೇಲೆ. ದೊಡ್ಡ ಕಬ್ಬಿಣದ ಆವರಣದೊಳಗೆ ದಿನಗಟ್ಟಲೆ ಮೆಕ್ಕೆಜೋಳ ಹಾಕಿ ಹಂದಿಗಳನ್ನು ಪಳಗಿಸುತ್ತಾರೆ. ಕ್ಯಾಮೆರಾದಲ್ಲಿ ಎಣಿಸುತ್ತ ಕಾದು, ಕೊನೆಯ ಹೆಣ್ಣೂ ಒಳಬಂದ ಮೇಲೆ ಫೋನಿನಿಂದಲೇ ಬಾಗಿಲು ಬೀಳಿಸುತ್ತಾರೆ. ಒಂದು ಹಂದಿ ಹೊರಗುಳಿದರೂ ಅದು ಮತ್ತೆ ಬೋನಿನ ಹತ್ತಿರ ಸುಳಿಯುವುದು ಅಪರೂಪ. ಹಿಂಡಿನ ಮೇಲೆ ಒಂದು ಗುಂಡು ಹಾರಿಸಿ ಉಳಿದವನ್ನು ಚದುರಿಸುವ ಬೇಟೆಗಾರ ಈ ಕೆಲಸವನ್ನೇ ಕೆಡಿಸುತ್ತಾನೆ.

ಈ ತೀರ್ಮಾನಗಳನ್ನು ಕರ್ನಾಟಕಕ್ಕೆ ಹಾಗೆಯೇ ಅನ್ವಯಿಸಲಾಗದು. ನಮ್ಮ ಕಾಡುಹಂದಿ ಇಲ್ಲಿಯದೇ ಜೀವಿ, ಹುಲಿ ಚಿರತೆಗಳ ಆಹಾರ.

ಇನ್ನು ಅಮೆರಿಕದಲ್ಲೂ ಬಂದೂಕು ವ್ಯರ್ಥವೆಂಬುದು ನನ್ನ ವಾದವಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ದ್ವೀಪವನ್ನು ಬೇಲಿಯಿಂದ ವಿಭಾಗಿಸಿ, ಹೆಲಿಕಾಪ್ಟರ್ ಬಳಸಿ, ವೃತ್ತಿಪರರು 5,000ಕ್ಕೂ ಹೆಚ್ಚು ಹಂದಿಗಳನ್ನು ಕೊಂದು ದ್ವೀಪವನ್ನು ಹಂದಿಮುಕ್ತಗೊಳಿಸಿದರು. ಹಂದಿಮರಿಗಳ ಆಸೆಗೆ ಬಂದು ನೆಲೆಸಿದ್ದ ಹೊನ್ನಹದ್ದುಗಳು ಅಲ್ಲಿನ ಪುಟ್ಟ ನರಿಗಳನ್ನೂ ತಿಂದು ಅಳಿವಿನಂಚಿಗೆ ದೂಡಿದ್ದವು. ಹದ್ದುಗಳನ್ನು ಹಿಡಿದು ಸಾಗಿಸಿ, ನರಿಗಳನ್ನು ಸಾಕಿ ಬೆಳೆಸಿದ ಫಲವೂ ಕೂಡಿ, 2016ರಲ್ಲಿ ಆ ನರಿಯ ಹೆಸರನ್ನು ಅಮೆರಿಕದ ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ತೆಗೆಯಲಾಯಿತು.